ಟೋಲ್ ಅಂದರೆ ಬುಗುರಿ

ಕಳೆದ ತಿಂಗಳ ಒಂದು ಭಾನುವಾರ ಗ್ರೋನಿಂಗನ್‌ನಿಂದ ಸುಮ್ಮನೆ ಒಂದು ಸುತ್ತು ಹೊರಟಿದ್ದೆವು. ಎ28ರಲ್ಲಿ ದಕ್ಷಿಣಕ್ಕೆ ಅಸೆನ್, ಅಲ್ಲಿಂದ ಎನ್33 ಹಿಡಿದು ಗೀಟನ್, ಫೇನ್‌ಡಾಮ್ ದಾಟಿ ಝಾಯ್ಡ್‌ಬ್ರೂಕ್, ಆಮೇಲೆ ಎ7ರಲ್ಲಿ ಮನೆಗೆ. ಎರಡೂ ಬದಿಗೆ ಆಲೂಗಡ್ಡೆ ಹೊಲ, ನೆಟ್ಟಗೆ ಗೀಟು ಎಳೆದಂಥ ಕಾಲುವೆ, ಉಳಿದದ್ದೆಲ್ಲ ಆಕಾಶ.

ಚನ್ನಪಟ್ಟಣದಿಂದ ನನ್ನ ಸೋದರಮಾವನ ಫೋನು ಬಂತು. ಹಳೇ ಮೈಸೂರು ರಸ್ತೆಯಲ್ಲಿ ಅವರದೊಂದು ಬೊಂಬೆ ಅಂಗಡಿ. ವ್ಯಾಪಾರ ಹೇಗಿದೆ ಅಂದೆ. "ಬೈಪಾಸ್ ಆದಮೇಲೆ ಇನ್ನೇನಮ್ಮ, ಎಲ್ಲ ಟೋಲ್ ಕಟ್ಕೊಂಡು ಸುಂಯ್ ಅಂತ ಹೊರಟೋಗ್ತಾರೆ" ಅಂದರು.

ಹಿಂದಿನ ಸೀಟಿನಿಂದ ಏಳು ವರ್ಷದ ಮಗನ ಪ್ರಶ್ನೆ: "ಅಮ್ಮ, ಕಾರಿಗೆ ಬುಗುರಿ ಯಾಕೆ ಕಟ್ಟಬೇಕು?"

ಡಚ್ ಕಲಿಯುವ ಮಕ್ಕಳಿರುವ ನಿಮಗೆ ಇದು ತಕ್ಷಣ ಹೊಳೆದಿರಬಹುದು. ಡಚ್ಚಿನಲ್ಲಿ 'ಟೋಲ್' ಅಂದರೆ ಬುಗುರಿ. ರಸ್ತೆ ಸುಂಕಕ್ಕೂ ಅದೇ ಪದ. ಆದರೆ ಗ್ರೋನಿಂಗನ್ ಮಗುವಿಗೆ ಎರಡನೆಯ ಅರ್ಥ ಗೊತ್ತಾಗುವುದಾದರೂ ಹೇಗೆ? ಈ ದೇಶದಲ್ಲಿ ಕಾರಿಗೆ ಟೋಲ್ ಇರುವ ದೊಡ್ಡ ಮಾರ್ಗಗಳು ಡೋರ್ಡ್ರೆಕ್ಟ್ ಬಳಿಯ ಕಿಲ್ ಸುರಂಗ ಮತ್ತು ರೋಟರ್‌ಡ್ಯಾಮಿನ ಪಶ್ಚಿಮಕ್ಕೆ 2024ರ ಡಿಸೆಂಬರಿನಲ್ಲಿ ತೆರೆದ ಬ್ಲಾಂಕೆನ್‌ಬುರ್ಗ್ ಮಾರ್ಗ. ಎರಡೂ ನಮ್ಮಿಂದ ದೂರ. ಬ್ಲಾಂಕೆನ್‌ಬುರ್ಗ್‌ನಲ್ಲಂತೂ ಗೇಟೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ.

ಮಾವ ನಕ್ಕು, "ಬುಗುರಿ ಬೇಕಾದ್ರೆ ನನ್ನ ಹತ್ರ ಬಾ ಕಂದ" ಅಂದರು. ಫೋನಿಟ್ಟ ಮೇಲೆ ಮಗ ಬಿಡಲಿಲ್ಲ. "ಹಾಗಾದರೆ ಈ ರೋಡಿಗೆ ಯಾರು ದುಡ್ಡು ಕೊಡ್ತಾರೆ?"

ನಾನು ತಡವರಿಸಿದೆ. ಸಂಶೋಧನೆಯೇ ನನ್ನ ಕೆಲಸ. ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ವಿವರಿಸಬಲ್ಲೆ. ಆದರೆ ಮಗನ ಜೊತೆಗಿನ ನನ್ನ ಕನ್ನಡ ಊಟ, ಸ್ನಾನ, 'ಬೇಗ ಶೂ ಹಾಕ್ಕೋ'ಗಳಲ್ಲೇ ನಿಂತುಹೋಗಿದೆ ಎಂದು ಆವತ್ತು ಗೊತ್ತಾಯಿತು. ನಿಮ್ಮ ಮನೆಯ ಕತೆಯೂ ಬಹುಶಃ ಇದೇ. ಸರಿ, ಪ್ರಯತ್ನಿಸೋಣ ಅಂದುಕೊಂಡೆ.

ಅಸೆನ್‌ನಿಂದ ಝಾಯ್ಡ್‌ಬ್ರೂಕ್‌ವರೆಗಿನ ಸುಮಾರು 38 ಕಿ.ಮೀ. ಎನ್33 ಮೊದಲು ಕಿರಿದಾಗಿತ್ತು. 2012ರಲ್ಲಿ ಸರ್ಕಾರ ಒಂದು ಖಾಸಗಿ ಕೂಟದ ಜೊತೆ ಒಪ್ಪಂದ ಮಾಡಿಕೊಂಡಿತು: ನಕ್ಷೆ ನೀವೇ ಮಾಡಿ, ಹಣ ನೀವೇ ಹೊಂದಿಸಿ, ಅಗಲ ಮಾಡಿ, 20 ವರ್ಷ ನೋಡಿಕೊಳ್ಳಿ. 2014ರಲ್ಲಿ ಎರಡೂ ದಿಕ್ಕಿಗೆ ಎರಡೆರಡು ಪಥಗಳ ರಸ್ತೆ ತೆರೆಯಿತು. ಸರ್ಕಾರ ಕೊಡುವುದು ಬಾಡಿಗೆಯ ಹಾಗೆ ಕಂತುಕಂತಾಗಿ. "ನಲ್ಲಿಯಲ್ಲಿ ನೀರು ಬರದಿದ್ದರೆ ಬಾಡಿಗೆಯಲ್ಲಿ ಹಿಡಿದುಕೊಳ್ತೀವಿ ಅಂದ್ಕೋ. ರಸ್ತೆ ಓಡಾಡೋ ಸ್ಥಿತಿಯಲ್ಲಿ ಇಲ್ಲದಿದ್ದರೆ ಅವರಿಗೂ ಅಷ್ಟು ಕಡಿತ" ಅಂದೆ. ಅದು ಅವನಿಗೆ ಅರ್ಥವಾಯಿತು.

ಇನ್ನೊಂದು ಸಂಗತಿ ನನಗೇ ಇಷ್ಟ. ಈ ರಸ್ತೆಗೆ ಸಾಲ ಕೊಟ್ಟವರಲ್ಲಿ ಎಬಿಪಿ ಪಿಂಚಣಿ ನಿಧಿಯ ಹಣ ನೋಡಿಕೊಳ್ಳುವ ಎಪಿಜಿಯೂ ಇದೆ. ವಿಶ್ವವಿದ್ಯಾಲಯದವರಾದ ನಮ್ಮ ಸಂಬಳದಿಂದ ಪ್ರತಿ ತಿಂಗಳೂ ಹೋಗುವುದು ಅದೇ ನಿಧಿಗೆ. ಅಂದರೆ ಗೇಟಿನಲ್ಲಿ ನಿಲ್ಲಿಸಿ ಯಾರೂ ಕೇಳದಿದ್ದರೂ, ತೆರಿಗೆಯಾಗಿ ಕೊಡುವವರು ನಾವೇ, ಮುದುಕರಾದಾಗ ಚೂರುಪಾರು ವಾಪಸ್ ಪಡೆಯುವವರೂ ನಾವೇ.

ಹಾಗಾದರೆ ಮಾವನ ಊರಿನ ರಸ್ತೆ? 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಉದ್ದ ಸುಮಾರು 118 ಕಿ.ಮೀ. ಅದನ್ನು ಕಟ್ಟಿದ್ದೂ ಖಾಸಗಿಯವರೇ. ಗೇಟಿನಲ್ಲಿ ಕಟ್ಟುವ ದುಡ್ಡೆಲ್ಲ ಅವರ ಜೇಬಿಗೆ ಎಂದೇ ನಾನು ತಿಳಿದಿದ್ದೆ. ತಪ್ಪು. ಅಲ್ಲಿನದು 'ಹೈಬ್ರಿಡ್ ಆನ್ಯುಯಿಟಿ' ಪದ್ಧತಿ. ಕಟ್ಟುವಾಗಲೇ ಸರ್ಕಾರ ಶೇ. 40 ಕೊಡುತ್ತದೆ, ಉಳಿದದ್ದನ್ನು ಆಮೇಲೆ ವರ್ಷಗಟ್ಟಲೆ ಕಂತಿನಲ್ಲಿ. ಟೋಲ್ ಹೋಗುವುದು ಹೆದ್ದಾರಿ ಪ್ರಾಧಿಕಾರಕ್ಕೆ. ಕಟ್ಟಿದವರಿಗೆ ಕಂತು ಕೊಡುವ ಮಟ್ಟಿಗೆ ಎರಡೂ ರಸ್ತೆ ದಾಯಾದಿಗಳೇ. ಆದರೆ ಅಲ್ಲಿ ಓಡಾಡುವವರು ಗೇಟಿನಲ್ಲಿ ಕೊಡುತ್ತಾರೆ, ಇಲ್ಲಿ ಓಡಾಡದವರೂ ಸೇರಿ ಕೊಡುತ್ತಾರೆ.

ವಿವರಿಸುತ್ತಾ ಅವನಿಗೆ 'ಸುಂಕ' ಎಂಬ ಪದ ಕೊಟ್ಟೆ. ಬೆಂಗಳೂರಿನ ಸುಂಕದಕಟ್ಟೆಯ ಹೆಸರು ಹೇಳಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನೂ ಹೇಳಿ, ಗೇಟಿನ ಮುಂದೆ ಗೋಗರೆಯುವ ನಟನೆ ಮಾಡಿದೆ. ಅವನಿಗೆ ನಗುವೋ ನಗು.

ಮುಂದಿನ ಭಾನುವಾರ ಮಾವನ ಫೋನು ಬಂದಾಗ ಮೊಬೈಲ್ ಕಿತ್ತುಕೊಂಡ. "ಬೊಂಬೆ ತಾತ, ರಸ್ತೆ ಕಟ್ಟಿದವರಿಗೆ ಸರ್ಕಾರ ಕೊಡುತ್ತೆ, ಸರ್ಕಾರಕ್ಕೆ ಕಾರಿನವರು ಸುಂಕ ಕೊಡ್ತಾರೆ. ನಿಮಗೆ ಯಾರು ಕೊಡ್ತಾರೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನನ್ನ ಲೆಕ್ಕ ಯಾರೂ ಹಾಕಿಲ್ಲ ಕಂದ" ಅಂದರು ಮಾವ. ಆಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಅಂಗಡಿ ಮುಂದೆ ಮೊದಲು ಎಷ್ಟು ಬಸ್ಸು ನಿಲ್ಲುತ್ತಿತ್ತು, ಆಲೆ ಮರದ ಬುಗುರಿಗೆ ಅರಗಿನ ಬಣ್ಣ ಹೇಗೆ ಹಚ್ಚುತ್ತಾರೆ, ಎಲ್ಲ ಕನ್ನಡದಲ್ಲೇ. ಅಷ್ಟು ದಿನ "ಊಟ ಆಯ್ತಾ?", "ಆಯ್ತು" ಎಂಬಲ್ಲಿಗೆ ಮುಗಿಯುತ್ತಿದ್ದ ಫೋನು ಅದು.

ಈ ರಜೆಯಲ್ಲಿ ನೀವು ಬೆಂಗಳೂರಿನಿಂದ ಮೈಸೂರಿಗೆ ಹೊರಟರೆ, ಟೋಲ್ ಗೇಟಿನಲ್ಲಿ ಮಕ್ಕಳಿಗೆ ಈ ಲೆಕ್ಕ ಹೇಳಿ. ಆಮೇಲೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಚನ್ನಪಟ್ಟಣದೊಳಗೆ ಹಳೇ ರಸ್ತೆಗೆ ಇಳಿಯಿರಿ. ಅರ್ಧ ಗಂಟೆ ತಡವಾಗಬಹುದು. ಒಂದು ಬುಗುರಿ ಕೊಳ್ಳಿ. ಬೆಲೆಯನ್ನು ಮಕ್ಕಳೇ ಕೇಳಲಿ, ಕನ್ನಡದಲ್ಲಿ.