ಹಿಮ್ಮಡಿಯ ಓಟ, ತುದಿಗಾಲಿನ ಓಟ

2020ರ ಫೆಬ್ರವರಿಯಲ್ಲಿ ನಮ್ಮ ಕಾರವಾರ, ಅಂಕೋಲೆಯ ಚಹಾದಂಗಡಿಗಳಲ್ಲೆಲ್ಲ ಒಂದೇ ಮಾತು. ಮೂಡುಬಿದಿರೆ ಕಡೆಯ ಕಂಬಳ ಓಟಗಾರ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದರು. ಯಾರೋ ಲೆಕ್ಕ ಹಾಕಿ, ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಬರೆದ ವಿಶ್ವದಾಖಲೆ 9.58. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು, ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರ ಮುಂದೆ ಓಡಿ ತೋರಿಸುವಂತೆ ಅವರನ್ನು ಕರೆದರು. ಗೌಡರು ಒಲ್ಲೆನೆಂದರು.

"ಮನೆ ಬಾಗಿಲಿಗೆ ಬಂದ ಭಾಗ್ಯವನ್ನು ಯಾರಾದರೂ ಹಿಂದಕ್ಕೆ ಕಳಿಸುತ್ತಾರೆಯೇ ಸಾಹೇಬ್ರೇ?" ಎಂದು ಜೊತೆಯಲ್ಲಿ ಕುಳಿತವರು ನಮ್ಮನ್ನೇ ಕೇಳಿದರು. ನಮಗೆ ಆ ನಿರಾಕರಣೆಯಲ್ಲಿ ವಿವೇಕ ಕಂಡಿತ್ತು.

ಗೌಡರು ಕೊಟ್ಟ ಕಾರಣ ಸರಳವಾಗಿತ್ತು. ಕಂಬಳದಲ್ಲಿ ಹಿಮ್ಮಡಿಯ ಬಲದಿಂದ ಓಡಬೇಕು, ಟ್ರ್ಯಾಕಿನಲ್ಲಿ ತುದಿಗಾಲಿನಿಂದ. ಕಂಬಳದ ಕರೆಯಲ್ಲಿ ಕೆಸರು ನೀರಿದೆ, ಮುಂದೆ ಜೋಡಿ ಕೋಣಗಳಿವೆ. ಅವುಗಳ ವೇಗ ಓಡಿಸುವವನನ್ನೂ ಸೆಳೆದೊಯ್ಯುತ್ತದೆ. ಟ್ರ್ಯಾಕಿನಲ್ಲಿ ಮನುಷ್ಯ ಒಂಟಿ. ಎರಡಕ್ಕೂ ಓಟವೆಂದೇ ಹೆಸರು, ಆಟ ಮಾತ್ರ ಬೇರೆ ಬೇರೆ. ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದ ಆ ಯುವಕನಿಗೆ ತಿಳಿದ ಈ ವ್ಯತ್ಯಾಸ, ಕ್ಯಾಲ್ಕ್ಯುಲೇಟರ್ ಹಿಡಿದವರಿಗೆ ತಿಳಿಯಲಿಲ್ಲ.

ನಮ್ಮ ಜಿಲ್ಲೆಗೆ ಇಂಥ ಕರೆ ಹೊಸದೇನೂ ಅಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ನಮ್ಮವರೂ ಇದ್ದಾರೆ. ಪೂರ್ವಜರು ಆಫ್ರಿಕಾದವರಾದ್ದರಿಂದ ಓಟ ಇವರ ರಕ್ತದಲ್ಲೇ ಇರಬೇಕೆಂದು ದಿಲ್ಲಿಯ ದೊಡ್ಡವರು ಭಾವಿಸಿದರು. 1987ರಲ್ಲಿ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದರು. ಮಕ್ಕಳು ಓಡಿದರು, ಪದಕಗಳನ್ನೂ ತಂದರು. 1993ರಲ್ಲಿ ಆ ಯೋಜನೆಯೇ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಉಳಿದವರು ಮತ್ತೆ ಗದ್ದೆಗೆ, ಕಾಡಿಗೆ ಮರಳಿದರು. ಕರೆಯುವಾಗ ಇದ್ದ ಸಡಗರ ಬೀಳ್ಕೊಡುವಾಗ ಇರಲಿಲ್ಲ.

ಆಟ ಬದಲಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಇಂಗ್ಲೆಂಡಿನ ರಗ್ಬಿ 1895ರಲ್ಲಿ ಎರಡಾಗಿ ಒಡೆಯಿತು. ಆಟಕ್ಕೆ ಹೋಗಿ ಕೂಲಿ ಕಳೆದುಕೊಂಡ ಗಿರಣಿ, ಗಣಿ ಕಾರ್ಮಿಕರಿಗೆ ಪರಿಹಾರ ಕೊಡಬೇಕೆಂದು ಉತ್ತರದ ಕ್ಲಬ್ಬುಗಳು ಕೇಳಿದ್ದೇ ಜಗಳದ ಮೂಲ. ಅವರ ಆಟ ಮುಂದೆ ರಗ್ಬಿ ಲೀಗ್ ಆಯಿತು. ಹಣಕ್ಕಾಗಿ ಅತ್ತ ಹೋದವರಿಗೆ ಹಳೆಯ ಯೂನಿಯನ್ ಆಟದ ಬಾಗಿಲು ಮತ್ತೆ ತೆರೆಯುತ್ತಿರಲಿಲ್ಲ. 1995ರಲ್ಲಿ ಯೂನಿಯನ್ನೂ ವೃತ್ತಿಪರ ಆಟವಾಯಿತು, ಆ ಗೋಡೆ ಬಿತ್ತು. ಅದರ ಫಲವನ್ನು ನ್ಯೂಜಿಲೆಂಡಿನ ಸನ್ನಿ ಬಿಲ್ ವಿಲಿಯಮ್ಸ್ ಅವರಲ್ಲಿ ನೋಡಬಹುದು. 2008ರಲ್ಲಿ ಅವರು ಲೀಗ್ ಬಿಟ್ಟು ಫ್ರಾನ್ಸಿನ ಯೂನಿಯನ್ ಕ್ಲಬ್ಬಿಗೆ ಹೋದಾಗ ಹಣದಾಸೆಯವನೆಂದು ಜರೆದರು. ಅಲ್ಲಿದ್ದಾಗಲೇ ಅವರು ಇಸ್ಲಾಮ್ ಸ್ವೀಕರಿಸಿದರು. 2011ರಲ್ಲಿ ಯೂನಿಯನ್ ವಿಶ್ವಕಪ್, 2013ರಲ್ಲಿ ಮರಳಿ ಲೀಗಿಗೆ ಬಂದು ಸಿಡ್ನಿ ರೂಸ್ಟರ್ಸ್ ತಂಡದೊಡನೆ ಪ್ರಶಸ್ತಿ, 2015ರಲ್ಲಿ ಮತ್ತೆ ಯೂನಿಯನ್ ವಿಶ್ವಕಪ್. ಅವರು ಪ್ರತಿಭಾವಂತರು ನಿಜ. ಹೋಗುವ ಹಾಗೆಯೇ ಬರುವ ಬಾಗಿಲೂ ತೆರೆದಿತ್ತು ಎಂಬುದೂ ಅಷ್ಟೇ ನಿಜ.

ಉರ್ದುವಿನಲ್ಲೂ ಕನ್ನಡದಲ್ಲೂ ಕಲಿತು ಕನ್ನಡದಲ್ಲಿ ಕಥೆ ಬರೆಯುವ ನಮ್ಮಂಥವರಿಗೆ ಈ ಬಾಗಿಲಿನ ಬೆಲೆ ಗೊತ್ತು. ಒಂದು ಭಾಷೆಗೆ ಬಂದದ್ದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿ ಬಂದಿದ್ದರೆ ನಮ್ಮ ಕಥೆಗಳು ಅರ್ಧವೇ ಇರುತ್ತಿದ್ದವು.

ಬಡವರ ಮಗು ಓಟದಲ್ಲಿ ಗೆದ್ದಾಗ ಕರೆದೊಯ್ಯಲು ಬರುವವರಿಗೆ ಕೊರತೆಯಿಲ್ಲ. ಬರಲಿ, ಸಂತೋಷ. ಆದರೆ ತಂದೆತಾಯಿ ಮೊದಲು ಎರಡು ಪ್ರಶ್ನೆ ಕೇಳಬೇಕು: ಈ ಯೋಜನೆ ಎಷ್ಟು ವರ್ಷ ನಡೆಯುತ್ತದೆ? ಮೊಣಕಾಲು ಮುರಿದರೆ ನಮ್ಮ ಮಗುವಿನ ಓದಿಗೆ, ಅನ್ನಕ್ಕೆ ಹೊಣೆ ಯಾರು? ಉತ್ತರ ಕೊಡಲಾಗದವರ ಜೊತೆ ಮಗುವನ್ನು ಕಳಿಸದ ತಾಯಿಯನ್ನು ಯಾರೂ ತಿಳಿಗೇಡಿ ಎನ್ನಬಾರದು.