ಗುರ್ತ ಹತ್ತಲಿಲ್ರಿ, ಬಾಯಾರ

ಹೆರಿಗೆ ಮಾಡಿಸಿದ ಡಾಕ್ಟರ ಬಾಯಿಯನ್ನು ನಮ್ಮ ಕಡೆಯ ಜನ ಸಾಯುವ ತನಕ ನೆನೆಯುತ್ತಾರೆ. ಕೂಸಿನ ಜವಳಕ್ಕೆ ಕರೆಯುತ್ತಾರೆ, ಮುಂದೆ ಅದರ ಮದುವೆಗೂ ಕರೆಯುತ್ತಾರೆ, ಹೋಗದಿದ್ದರೆ ಬುಂದೆ ಕಟ್ಟಿ ಕಳಿಸುತ್ತಾರೆ. ಆ ಕೂಸು ಹೊಟ್ಟೆಯಲ್ಲಿ ನಿಲ್ಲುವಂತೆ ಮಾಡಿದ ಬಾಯಿಯ ಕತೆ ಬೇರೆ. ಜಮಖಂಡಿಯ ಬಜಾರದಲ್ಲಿ ನಾನು ಎದುರಾದರೆ ಅವರು ಬಳೆ ಅಂಗಡಿ ಹೊಕ್ಕುಬಿಡುತ್ತಾರೆ. ಜೊತೆಗೆ ಗಂಡನಿದ್ದರೆ ಅವನೂ.

ನಾನು ಬನಹಟ್ಟಿಯ ಮಗ್ಗದ ಮನೆಯವಳು. ಮೆಡಿಕಲ್ ಕಾಲೇಜೊಂದರಲ್ಲಿ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುತ್ತ, ಅದನ್ನೇ ಪಾಠ ಹೇಳುತ್ತ ತಲೆ ಬೆಳ್ಳಗೆ ಮಾಡಿಕೊಂಡವಳು. ಓಪಿಡಿಗೆ ಬರುವವರು ಸೊಸೆ ಮತ್ತು ಅತ್ತೆ. ಗಂಡನೆಲ್ಲಿ ಎಂದರೆ ಅತ್ತೆಯ ಉತ್ತರ ಸಿದ್ಧ: "ಅವಂಗೇನ ಆಗೇತ್ರಿ? ಒಬ್ಬನ ನಿಂತು ಟ್ರಾಲಿ ತುಂಬ ಕಬ್ಬ ಹೇರತಾನ." ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ತೊಂದರೆಯೊಳಗೆ ಗಂಡಸಿನ ಪಾಲೂ ಇರುತ್ತದೆಂದು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಬಹುದು. ಕಬ್ಬಿನ ಟ್ರಾಲಿಯ ಮುಂದೆ ಬೋರ್ಡು ನಿಲ್ಲುವುದಿಲ್ಲ.

ಬೀಳಗಿ ಕಡೆಯ ಒಬ್ಬ ಮಾತ್ರ ತಪಾಸಣೆಗೆ ಒಪ್ಪಿದ. ಆದರೆ ದವಾಖಾನೆಯ ಬಚ್ಚಲಿನಲ್ಲಿ ಮಾದರಿ ಕೊಡಲು ಅವನಿಗೆ ನಾಚಿಕೆ. ಒಂದು ತಾಸಿನೊಳಗೆ, ಮೈಯ ಬಿಸುಪಿನಲ್ಲೇ ತರಬೇಕೆಂದು ಹೇಳಿ ಕಳಿಸಿದೆವು. ಮರುದಿನ ಬನಿಯನ್ನಿನೊಳಗಿಂದ ತೆಗೆದುಕೊಟ್ಟದ್ದು ತೊಳೆದ ಅಮೃತಾಂಜನದ ಬಾಟಲಿ. ಮುಚ್ಚಳ ತಿರುವಿದ ಲ್ಯಾಬಿನ ಹುಡುಗನ ಕಣ್ಣಲ್ಲಿ ನೀರು ಬಂತು. ಸೂಕ್ಷ್ಮದರ್ಶಕದಡಿ ಒಂದೂ ಮಿಸುಕಲಿಲ್ಲ. ಎಲ್ಲಕ್ಕೂ ತಲೆನೋವು ಶಾಶ್ವತವಾಗಿ ವಾಸಿಯಾಗಿತ್ತು. ಸರಿಯಾದ ಡಬ್ಬಿಯಲ್ಲಿ ಕೊಟ್ಟಾಗ ಎಣಿಕೆ ಏನೂ ಕಡಿಮೆ ಇರಲಿಲ್ಲವೆನ್ನಿ.

ಮಾಸ್ತರಿಕೆಯ ಡಾಕ್ಟರಿಗೆ ಬಸಿರು ನಿಂತರಷ್ಟೇ ಸಾಲದು, ಅದು ಕಾಗದದ ಮೇಲೂ ನಿಲ್ಲಬೇಕು. ಬಡ್ತಿಗೆ ಲೇಖನ ಬೇಕು, ಲೇಖನಕ್ಕೆ ಅಂಕಿ-ಸಂಖ್ಯೆ ಬೇಕು, ಅಂಕಿ-ಸಂಖ್ಯೆಗೆ ಪೇಶಂಟು ತಿರುಗಿ ಬರಬೇಕು. ಫಲಿಸದೆ ಉಳಿದವರು ಬರುತ್ತಲೇ ಇರುತ್ತಾರೆ. ಫಲಿಸಿದವರು ಮಾಯ! ಕೇಸ್ ಪೇಪರಿನ ಮೇಲಿನ ವಿಳಾಸ ಹಿಡಿದು ಪಿಜಿ ಹುಡುಗಿ ರಬಕವಿಗೆ ಹೋದರೆ, ಆ ಓಣಿಯಲ್ಲಿ ಅಂಥ ಹೆಸರಿನವರೇ ಇಲ್ಲ. ಮುಂಚಿನ ಕಾಲದ ಸ್ಥಿತಿವಂತರು ಮಿರಜದ ವಾನ್‌ಲೆಸ್ ದವಾಖಾನೆಗೆ ಹೋಗುತ್ತಿದ್ದುದು ಬರೀ ವೈದ್ಯರ ಕೈಗುಣಕ್ಕಲ್ಲ, ಅಲ್ಲಿ ಗುರುತಿನವರು ಸಿಗುವುದಿಲ್ಲವೆಂದೂ ಹೌದು ಎಂಬುದು ನನ್ನ ಗುಮಾನಿ.

ನಗುತ್ತ ಹೇಳುತ್ತಿದ್ದೇನೆ. ಆದರೆ ಇದೇ ಮುಚ್ಚುಮರೆ ಕಲ್ಕತ್ತೆಯ ಸುಭಾಷ್ ಮುಖೋಪಾಧ್ಯಾಯರ ಪಾಲಿಗೆ ನಗೆಯಾಗಲಿಲ್ಲ. ಅವರೂ ಮೆಡಿಕಲ್ ಕಾಲೇಜಿನ ಮಾಸ್ತರರೇ, ಫಿಸಿಯಾಲಜಿಯವರು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿತು. ಅಕ್ಟೋಬರ್ 3ಕ್ಕೆ ಕಲ್ಕತ್ತೆಯಲ್ಲಿ ಇವರ 'ದುರ್ಗಾ'. ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ಬಳಸಿದ್ದೆ ಎಂದರೆ ಸರಕಾರದ ಸಮಿತಿ ನಂಬಲಿಲ್ಲ. ಸಾಕ್ಷಿಯೆಂದರೆ ಆ ಕೂಸು. ಅದರ ತಂದೆತಾಯಿಗೆ ಜನರ ಬಾಯಿಯ ಭಯ. 1981ರಲ್ಲಿ ಸುಭಾಷರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. ಆ ಜೂನ್‌ನಲ್ಲೇ ಅವರು ಜೀವ ಕಳೆದುಕೊಂಡರು. 1986ರಲ್ಲಿ ಮುಂಬಯಿಯ ಕೆಇಎಂ ದವಾಖಾನೆಯಲ್ಲಿ ಇಂದಿರಾ ಹಿಂದುಜಾ ಜೊತೆ ಸೇರಿ ದೇಶದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಪಡೆದಿದ್ದ ವಿಜ್ಞಾನಿ ಟಿ.ಸಿ. ಆನಂದಕುಮಾರರು ಆಮೇಲೆ ಸುಭಾಷರ ಕಾಗದಪತ್ರ ಓದಿ, ಮೊದಲಿಗರು ಅವರೇ ಎಂದು 1997ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ತನ್ನ ಕಿರೀಟ ತಾನೇ ತೆಗೆದು ಇನ್ನೊಬ್ಬರ ತಲೆಗಿಡುವ ಪ್ರೊಫೆಸರನ್ನು ನಾನಂತೂ ನಮ್ಮ ಸ್ಟಾಫ್ ರೂಮಿನಲ್ಲಿ ಕಂಡಿಲ್ಲ. ದುರ್ಗಾ, ಅಂದರೆ ಕನುಪ್ರಿಯಾ, ಇಪ್ಪತ್ತೈದು ತುಂಬಿದ ಹೊತ್ತಿಗೆ ತಾನೇ ಜನರೆದುರು ಬಂದಳು. ತೋರಿಸಬೇಕಾಗಿದ್ದವರು ಅಷ್ಟರಲ್ಲಿ ಇರಲಿಲ್ಲ.

ನಮ್ಮ ಜಿಲ್ಲೆಗೆ ಈ ಮುಚ್ಚುಮರೆ ಹೊಸದೇನಲ್ಲ. ನಾಗನಾಥಕೊಳ್ಳದಲ್ಲಿ ಸಿಕ್ಕ ಸಂತಾನದ ದೇವಿ ಲಜ್ಜಾಗೌರಿ ಬಾದಾಮಿಯ ಮ್ಯೂಸಿಯಮ್ಮಿನಲ್ಲಿದ್ದಾಳೆ. ಹೆರುವ ಭಂಗಿಯ ಮೈ, ತಲೆಯ ಜಾಗದಲ್ಲಿ ತಾವರೆ. ಪಿಜಿ ಹುಡುಗಿಯರನ್ನು ಕರೆದೊಯ್ದಾಗಲೆಲ್ಲ ಹೇಳುತ್ತೇನೆ: ನೋಡ್ರವಾ, ನಮ್ಮ ಮೊದಲ ಪೇಶಂಟು, ಆಕೆಯೂ ಮುಖ ತೋರಿಸಿಲ್ಲ. ಅದೇ ಮುಧೋಳಕ್ಕೆ ಹೋಗಿ, ಅಲ್ಲಿಯ ನಾಯಿಯ ಅಪ್ಪ ಯಾರು ಅಂತ ಕೇಳಿ. ಅಜ್ಜ, ಮುತ್ತಜ್ಜ, ಘೋರ್ಪಡೆ ಅರಸರ ಕಾಲದ ತನಕ ಒಪ್ಪಿಸಿ ಚಹಾ ಕುಡಿಸಿ ಕಳಿಸುತ್ತಾರೆ.

ಹೋದ ವರ್ಷ ಜಮಖಂಡಿಯ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಮಗ್ಗುಲಿಗೇ ಒಬ್ಬ ಅತ್ತೆ ಬಂದು ಕುಳಿತರು. ತೊಡೆಯ ಮೇಲೆ ಮೊಮ್ಮಗ. ನಾಲ್ಕನೆಯ ಸಲಕ್ಕೆ ನಿಂತವನು, ಫೈಲು ನನಗೆ ಬಾಯಿಪಾಠ. "ಗುರ್ತ ಹತ್ತಲಿಲ್ರಿ, ಬಾಯಾರ" ಎಂದರು ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು. ಹೋಳಿಗೆಗೆ ತುಪ್ಪ ಬಿದ್ದ ಮೇಲೆ ತಾವೇ ತಗ್ಗಿದ ದನಿಯಲ್ಲಿ ಶುರುಮಾಡಿದರು: "ಬನಶಂಕರಿಗೆ ತೊಟ್ಟಿಲ ಹರಕಿ ಹೊತ್ತಿದ್ವಿರಿ. ಆಕೀನ ಕೊಟ್ಟಾಳ. ನಿಮ್ಮ ಪೇಶಂಟ್ರಿಗೂ ಹೇಳ್ರಿ." ಹೇಳುತ್ತೇನೆ ಎಂದೆ. ಮೊಮ್ಮಗನ ತೂಕ, ಎತ್ತರ ಬರೆದುಕೊಳ್ಳಬೇಕಿತ್ತು, ನಂಬರ್ ಕೊಡುತ್ತೀರಾ ಎಂದೂ ಕೇಳಿದೆ. ಸಂತೋಷದಿಂದ ಹೇಳಿದರು, ಬರೆದುಕೊಂಡೆ. ಮನೆಗೆ ಬಂದು ಎಣಿಸಿದರೆ ಒಂಬತ್ತೇ ಅಂಕಿ.