ಊಟಿಗೂ ಬಿಡುವು ಬೇಕು

ತಿರುವೊಟ್ಟಿಯೂರು (ಚೆನ್ನೈ), ಏಪ್ರಿಲ್ 2, 2025, ಬುಧವಾರ

ಮೇ ತಿಂಗಳ ಕತ್ತಿರಿ ಬಿಸಿಲಿಗೆ ಇನ್ನೂ ಒಂದು ತಿಂಗಳಿದೆ; ಆಗಲೇ ಇಲ್ಲಿಯ ತೇರಡಿ ಪ್ರದೇಶದಲ್ಲಿ ಮಧ್ಯಾಹ್ನ ಹೆಜ್ಜೆಯಿಡುವುದು ಕಷ್ಟ. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಊಟಿಯದೇ ಮಾತು. ಮದ್ರಾಸ್ ಹೈಕೋರ್ಟ್ ಹೇಳಿದಂತೆ ನಿನ್ನೆಯಿಂದ ಅಲ್ಲಿಗೆ ದಿನಕ್ಕೆ 6,000 ಪ್ರವಾಸಿ ವಾಹನ, ಶನಿವಾರ ಭಾನುವಾರ 8,000, ಅಷ್ಟೇ. ವಾಹನಗಳಿಗೆ ಇ-ಪಾಸ್ ಕಳೆದ ಮೇ ತಿಂಗಳಿಂದಲೇ ಇತ್ತು, ಈ ಮಿತಿ ಹೊಸದು. ಅದು ಬೇಡವೆಂದು ನೀಲಗಿರಿಯ ವರ್ತಕರು ಇವತ್ತು ಅಂಗಡಿ ಮುಚ್ಚಿದ್ದಾರೆ. ವರ್ಕಿ ಬಿಸ್ಕತ್ತು, ಚಾಕೊಲೇಟ್, ನೀಲಗಿರಿ ಎಣ್ಣೆ ಮಾರಿ ಮನೆ ನಡೆಸುವವರಿಗೆ ದಿಗಿಲಾಗುವುದು ಸಹಜವೇ. ಆದರೂ ಕೋರ್ಟು ಹೇಳಿದ್ದು ಸರಿ ಅಂತಲೇ ನನ್ನ ಮನಸ್ಸು ಹೇಳುತ್ತದೆ. ರೈಲಿಗೆ, ಸರ್ಕಾರಿ ಬಸ್ಸಿಗೆ ಪಾಸಿನ ಗೊಡವೆಯಿಲ್ಲ. ನಾವು ರೈಲಿನಲ್ಲೇ ಹೋಗುತ್ತೇವೆ.

ಕೂನೂರು, ಏಪ್ರಿಲ್ 16, ಬುಧವಾರ

ಚೆನ್ನೈ ಸೆಂಟ್ರಲ್‌ನಿಂದ ನೀಲಗಿರಿ ಎಕ್ಸ್‌ಪ್ರೆಸ್, ಬೆಳಗ್ಗೆ ಮೇಟ್ಟುಪಾಳಯಂನಲ್ಲಿ ಪುಟ್ಟ ರೈಲು. ಕಲ್ಲಾರ್ ದಾಟಿದ ಮೇಲೆ ಹಳಿಗಳ ನಡುವಿನ ಹಲ್ಲುಪಟ್ಟಿಗೆ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡಿತು. ಎಂಜಿನ್ ಹಿಂದಿನಿಂದ ತಳ್ಳುತ್ತಿದ್ದರಿಂದ ಮುಂದಿನ ಬೋಗಿಯಲ್ಲಿದ್ದ ನಮಗೆ ಕಾಡು ನೇರ ಎದುರಿಗೇ ಬರುತ್ತಿತ್ತು. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುವಷ್ಟು ಹೊತ್ತು ನಾವು ಚಹಾ ಕುಡಿದೆವು. ಮಗಳ ಬಿಸ್ಕೆಟ್ ಕೋತಿಯ ಪಾಲಾಯಿತು. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಬಂದ ಹಳಿ ಇದು. ಊಟಿಯವರೆಗಿನ 46 ಕಿಲೋಮೀಟರ್ ದಾರಿಗೆ ಅರ್ಧ ದಿನ ಹಿಡಿದರೂ ಅದರಲ್ಲಿ ಒಂದು ನಿಮಿಷವೂ ಬೇಸರವಾಗುವುದಿಲ್ಲ.

ಕೇತ್ತಿ, ಏಪ್ರಿಲ್ 18, ಶುಕ್ರವಾರ

ಉಳಿದುಕೊಂಡಿರುವ ಮನೆಯ ಅಕ್ಕ ನೀಲಗಿರಿಯ ಬಡಗ ಸಮುದಾಯದವರು. ಅವರು ಬಡಗ ಭಾಷೆಯಲ್ಲಿ, ನಾನು ಕನ್ನಡದಲ್ಲಿ; ಮಾತು ನಿಲ್ಲಲಿಲ್ಲ. ಹಿತ್ತಲ ಕೆಳಗಿನ ಪಾತಿಗಳಲ್ಲಿ ಕ್ಯಾರೆಟ್ ಕೀಳುತ್ತಿದ್ದರು. ಕಿತ್ತದ್ದು ತೊಳೆದು ಮೂಟೆಯಾಗಿ ಮೇಟ್ಟುಪಾಳಯಂ ಮಂಡಿಗೆ ಹೋಗಬೇಕು. ರಜೆ ದಿನ ಮೂಟೆಯ ಲಾರಿಯೂ ಪ್ರವಾಸಿಗರ ಕಾರುಗಳ ಸಾಲಿನಲ್ಲೇ ನಿಲ್ಲುತ್ತದೆ.

"ಮೊದಲು ಸೀಸನ್ ಮುಗಿದರೆ ಊರು ನಮ್ಮದಾಗ್ತಿತ್ತು. ಈಗ ಮಳೆಗೂ ಬರ್ತಾರೆ, ಡಿಸೆಂಬರಲ್ಲಿ ಹುಲ್ಲಿನ ಮೇಲಿನ ಹಿಮ ನೋಡೋಕೂ ಬರ್ತಾರೆ. ಬರಲಿ. ಆದರೆ ಗರ್ಭಿಣೀನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ದಾರಿ ಬೇಡ್ವಾ?" ಎಂದರು.

ಅವರ ಮಾತು ಕೇಳಿ ಹಳೆಯ ಸೀಸನ್ ನೆನಪಾಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟಕ್ಕೆ ಬಂದು, ಊಟಿಯಲ್ಲಿ ಮನೆ ಕಟ್ಟಿಸಿದ. ಮುಂದೆ ಮದರಾಸಿನ ಸರ್ಕಾರವೇ ಬೇಸಿಗೆಗೆ ಇಲ್ಲಿಗೆ ಹತ್ತುತ್ತಿತ್ತು, ಸೆಕೆ ಇಳಿದ ಮೇಲೆ ಅದೂ ಇಳಿಯುತ್ತಿತ್ತು. ಆ ಇಳಿಯುವ ಕಾಲವೇ ಈಗ ಇಲ್ಲ.

ಊಟಿ, ಏಪ್ರಿಲ್ 19, ಶನಿವಾರ

ಕೆರೆಯ ದಂಡೆಯಲ್ಲಿ ದೋಣಿಯ ಟಿಕೆಟ್ಟಿಗೆ ನೂಕುನುಗ್ಗಲು. ಸಲಿವನ್ ಕಟ್ಟಿಸಿದ ಈ ಕೆರೆಗೆ ಕೊಡಪ್ಪಮಂದು ಕಾಲುವೆ ಊರಿನ ಕೊಚ್ಚೆಯನ್ನು ತಂದು ಸುರಿಯುತ್ತದೆ. ಎಣ್ಣೂರಿನ ಕೊಸಸ್ತಲೆಯಾರು ನದಿಯ ಪಕ್ಕದಲ್ಲಿ ಬದುಕುವ ನನಗೆ ಆ ಬಣ್ಣವೂ ವಾಸನೆಯೂ ಚೆನ್ನಾಗಿ ಗೊತ್ತು; ಹೊಟ್ಟೆ ಉರಿಯಿತು. ವಾಹನ ಎಣಿಸಿ ನಿಲ್ಲಿಸುವುದು ಅರ್ಧ ಕೆಲಸ. ಕಾರಿಲ್ಲದವರಿಗೆ ಇನ್ನಷ್ಟು ಬಸ್ಸು ಬೇಕು, ಊರಿಗೆ ನೆಟ್ಟಗಿನ ಒಳಚರಂಡಿ ಬೇಕು. ಅಂಗಡಿಯವರಿಗೂ ದಿನವಿಡೀ ಹಾರ್ನ್ ಹೊಡೆದು ಸಂಜೆಗೆ ಇಳಿದು ಹೋಗುವ ಕಾರಿಗಿಂತ ಮೂರು ದಿನ ಉಳಿಯುವ ಸಂಸಾರವೇ ಲಾಭ.

ಕೇತ್ತಿಯ ಅಕ್ಕನಿಗೆ ಫೋನ್ ಮಾಡಿ ಆಗಸ್ಟಿಗೆ ಕೋಣೆ ಇದೆಯೇ ಎಂದು ಕೇಳಿದೆ. "ಮಳೆ ಇರ್ತದೆ, ಸ್ವೆಟರ್ ತನ್ನಿ, ವಾರದ ನಡುವೆ ಬನ್ನಿ" ಎಂದರು.